ಕ್ಯಾಥೊಲಿಕ್ ವಿವಾಹಧರ್ಮವೂ ದೋಷರಹಿತ ವಿಚ್ಛೇದನವೂ: ಐರ್ಲೆಂಡಿನ ನಿದರ್ಶನ

೧. ಪ್ರಶ್ನೆಯ ಸ್ವರೂಪ

ವಿವಾಹವು ಸಂಸ್ಕಾರವೋ ಒಪ್ಪಂದವೋ ಎಂಬ ಪ್ರಶ್ನೆ ನಮ್ಮ ಧರ್ಮಶಾಸ್ತ್ರವನ್ನೂ ನ್ಯಾಯಶಾಸ್ತ್ರವನ್ನೂ ಅಭ್ಯಾಸಮಾಡುವ ವಿದ್ಯಾರ್ಥಿಗಳಿಗೆ ಹೊಸದಲ್ಲ. ಹಿಂದೂ ವಿವಾಹವು ಸಂಸ್ಕಾರ, ಮುಸ್ಲಿಂ ವಿವಾಹವು ಒಪ್ಪಂದ ಎಂಬ ವಿಭಾಗವನ್ನು ಪಠ್ಯಗ್ರಂಥಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ರೋಮನ್ ಕ್ಯಾಥೊಲಿಕ್ ಧರ್ಮಸಭೆಯ ವಿವಾಹಶಾಸ್ತ್ರವು ಈ ವಿಭಾಗದೊಳಗೆ ಸುಲಭವಾಗಿ ಅಡಗುವುದಿಲ್ಲ. ಅದರ ಮತದಲ್ಲಿ ದೀಕ್ಷಾಸ್ನಾನ ಪಡೆದ ಇಬ್ಬರ ವಿವಾಹವು ಏಕಕಾಲದಲ್ಲಿ ಎರಡೂ ಆಗಿದೆ. ಒಪ್ಪಂದವಿಲ್ಲದೆ ಸಂಸ್ಕಾರವಿಲ್ಲ, ಸಂಸ್ಕಾರವು ನಡೆದು ದಾಂಪತ್ಯವು ಪೂರ್ಣವಾದ ಮೇಲೆ ಆ ಒಪ್ಪಂದವನ್ನು ಮುರಿಯುವ ಅಧಿಕಾರ ಅದನ್ನು ಮಾಡಿಕೊಂಡವರಿಗೂ ಇಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ದೇಶಗಳು ಒಂದೊಂದಾಗಿ ತಮ್ಮ ವಿಚ್ಛೇದನ ಕಾನೂನುಗಳನ್ನು ಬದಲಾಯಿಸಿದುವು. ಅದಕ್ಕೆ ಮೊದಲು ವಿಚ್ಛೇದನ ಬೇಡುವವರು ಎದುರುಪಕ್ಷದ ತಪ್ಪನ್ನು, ಎಂದರೆ ವ್ಯಭಿಚಾರ, ಕ್ರೌರ್ಯ, ಪರಿತ್ಯಾಗ ಮೊದಲಾದವುಗಳಲ್ಲಿ ಒಂದನ್ನು, ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾಗಿತ್ತು. ಹೊಸ ಕಾನೂನಿಗೆ ಅದು ಬೇಡ. ದಾಂಪತ್ಯವು ಮತ್ತೆ ಕೂಡದಂತೆ ಮುರಿದುಹೋಗಿದೆ ಎಂದು ತೋರಿಸಿದರೆ ಸಾಕು. ಇದನ್ನೇ ದೋಷರಹಿತ ವಿಚ್ಛೇದನವೆಂದು ಕರೆಯುತ್ತಾರೆ. ಕ್ಯಾಥೊಲಿಕ್ ಧರ್ಮಸಭೆಯು ಇದನ್ನು ವಿರೋಧಿಸುತ್ತಲೇ ಬಂದಿದೆ. ಈ ವಿರೋಧವನ್ನು ಧರ್ಮಕ್ಕೂ ಸ್ವಾತಂತ್ರ್ಯಕ್ಕೂ ನಡೆದ ಹೋರಾಟವೆಂದು ಸಾಮಾನ್ಯವಾಗಿ ವರ್ಣಿಸುವುದುಂಟು. ಆ ವರ್ಣನೆಯಲ್ಲಿ ಸತ್ಯಾಂಶವಿದ್ದರೂ ವಿರೋಧದ ತಿರುಳು ಅದರಲ್ಲಿ ತಿಳಿಯುವುದಿಲ್ಲ. ಆದುದರಿಂದ ಮೊದಲು ಈ ಶಾಸ್ತ್ರದ ಒಳರಚನೆಯನ್ನು ವಿವರಿಸಿ, ಅನಂತರ ಇದೇ ಪ್ರಶ್ನೆಯನ್ನು ಮೂರು ಬಾರಿ ಪ್ರಜೆಗಳ ಮತಕ್ಕೆ ಒಪ್ಪಿಸಿದ ಐರ್ಲೆಂಡಿನ ಅನುಭವವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಸಮ್ಮತಿ ಮತ್ತು ಬಂಧ

ಕ್ರಿ. ಶ. ೧೧೪೦ರ ಸುಮಾರಿಗೆ ಇಟಲಿಯ ಬೊಲೋನ್ಯ ನಗರದಲ್ಲಿ ಗ್ರೇಷಿಯನ್ ಎಂಬ ಪಂಡಿತನು ಅಲ್ಲಲ್ಲಿ ಚದರಿದ್ದ ಧರ್ಮಸಭೆಯ ನಿಯಮಗಳನ್ನು ಒಂದು ಗ್ರಂಥವಾಗಿ ಸಂಕಲಿಸಿದನು. ಅಂದಿನ ಶಾಸ್ತ್ರಜ್ಞರನ್ನು ಕಾಡುತ್ತಿದ್ದ ಪ್ರಶ್ನೆ ಒಂದು: ಯಾವ ಕ್ಷಣದಲ್ಲಿ ವಿವಾಹವಾಯಿತೆಂದು ಹೇಳಬೇಕು? ಸಮ್ಮತಿಯಿಂದ ವಿವಾಹವು ಆರಂಭವಾಗಿ ದೇಹಸಂಬಂಧದಿಂದ ಪೂರ್ಣವಾಗುತ್ತದೆಂದು ಗ್ರೇಷಿಯನ್ ಹೇಳಿದನು. ಸಮ್ಮತಿಯೊಂದೇ ಸಾಕೆಂದು ಪ್ಯಾರಿಸ್ಸಿನ ಪೀಟರ್ ಲೊಂಬಾರ್ಡನು ವಾದಿಸಿದನು. ೧೧೫೯ರಿಂದ ೧೧೮೧ರವರೆಗೆ ಪೋಪ್ ಪದವಿಯಲ್ಲಿದ್ದ ಮೂರನೆಯ ಅಲೆಕ್ಸಾಂಡರನ ತೀರ್ಪುಗಳಲ್ಲಿ ಈ ಎರಡು ಮತಗಳೂ ಸಮನ್ವಯಗೊಂಡುವು. ವರ್ತಮಾನ ಕಾಲದ ಮಾತುಗಳಲ್ಲಿ ಗಂಡು ಹೆಣ್ಣುಗಳು ಪರಸ್ಪರ ಸಮ್ಮತಿಯನ್ನು ಕೊಟ್ಟರೆ ವಿವಾಹವಾಯಿತು. ದಾಂಪತ್ಯವು ದೇಹಸಂಬಂಧದಿಂದ ಪೂರ್ಣವಾದ ಮೇಲೆ ಅದು ಮುರಿಯಲಾಗದ ಬಂಧವಾಯಿತು. ಇಂದಿಗೂ ಕ್ಯಾಥೊಲಿಕ್ ವಿವಾಹಶಾಸ್ತ್ರದ ತಳಹದಿ ಇದೇ.

ಈ ತತ್ತ್ವದ ಪರಿಣಾಮವನ್ನು ನಾವು ಗಮನಿಸಬೇಕು. ನಮ್ಮ ಸಂಪ್ರದಾಯದಲ್ಲಿ ಕನ್ಯಾದಾನ ಮಾಡುವವನು ತಂದೆ. ದಾನವು ಹೆಣ್ಣಿನ ಪಕ್ಷದ ಹಿರಿಯರಿಂದ ನಡೆಯತಕ್ಕದ್ದು. ಲ್ಯಾಟಿನ್ ಪರಂಪರೆಯ ಕ್ಯಾಥೊಲಿಕ್ ಶಾಸ್ತ್ರದಲ್ಲಿ ಕೊಡುವವರೂ ಕೊಳ್ಳುವವರೂ ವಧೂವರರೇ. ಸಂಸ್ಕಾರವನ್ನು ನಡೆಸುವವರು ಕೂಡ ಅವರೇ; ಪಾದ್ರಿಯು ಅಧಿಕೃತ ಸಾಕ್ಷಿ. ತಂದೆತಾಯಿಗಳ ಅನುಮತಿಯಿಲ್ಲದ ವಿವಾಹವೂ ಸಿಂಧುವೆಂಬುದು ಮಧ್ಯಯುಗದ ಶ್ರೀಮಂತ ಮನೆತನಗಳಿಗೆ ದೊಡ್ಡ ಕಂಟಕವಾಗಿತ್ತು. ಗುಪ್ತವಿವಾಹಗಳ ಹಾವಳಿಯನ್ನು ತಡೆಯಲು ಟ್ರೆಂಟ್ ಮಹಾಸಭೆಯು ೧೫೬೩ರಲ್ಲಿ ಒಂದು ವಿಧಿಯನ್ನು ಹೊರಡಿಸಿ, ಸ್ಥಳದ ಪಾದ್ರಿಯೂ ಇಬ್ಬರು ಅಥವಾ ಮೂವರು ಸಾಕ್ಷಿಗಳೂ ಇಲ್ಲದೆ ನಡೆದ ವಿವಾಹವು ಸಿಂಧುವಲ್ಲವೆಂದು ಸಾರಿತು. ಹಿರಿಯರ ಅನುಮತಿಯನ್ನೂ ಕಡ್ಡಾಯಮಾಡಬೇಕೆಂದು ಫ್ರಾನ್ಸಿನ ಕಡೆಯವರು ಒತ್ತಾಯಪಡಿಸಿದರು. ಸಭೆಯು ಅದಕ್ಕೆ ಒಪ್ಪಲಿಲ್ಲ.

೧೯೧೭ರ ಧರ್ಮಶಾಸನ ಸಂಹಿತೆಯೂ ಅದರ ಸ್ಥಾನದಲ್ಲಿ ೧೯೮೩ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿವೆ. ಹೊಸ ಸಂಹಿತೆಯ ೧೦೫೫ನೆಯ ವಿಧಿಯು ವಿವಾಹವನ್ನು ಇಡೀ ಜೀವನದ ಸಹಭಾಗಿತ್ವವೆಂದು ವಿವರಿಸುತ್ತದೆ. ಸಮ್ಮತಿಯೇ ವಿವಾಹವನ್ನು ಉಂಟುಮಾಡುತ್ತದೆ, ಮನುಷ್ಯಶಕ್ತಿ ಯಾವುದೂ ಆ ಸಮ್ಮತಿಯ ಸ್ಥಾನವನ್ನು ತುಂಬಲಾರದು ಎಂಬುದು ೧೦೫೭ನೆಯ ವಿಧಿಯ ಅಭಿಪ್ರಾಯ. ದೀಕ್ಷಾಸ್ನಾನ ಪಡೆದವರ ಪೂರ್ಣಗೊಂಡ ವಿವಾಹವನ್ನು ಮರಣವೊಂದನ್ನುಳಿದು ಬೇರಾವ ಕಾರಣವೂ ಬಿಡಿಸಲಾರದೆಂಬುದು ೧೧೪೧ನೆಯ ವಿಧಿಯದು. ಹೀಗೆ ವಿವಾಹದ ಬಾಗಿಲಿನಲ್ಲಿ ಸಮ್ಮತಿಯೇ ಸರ್ವಸ್ವ. ಒಳಗೆ ಬಂದ ಮೇಲೆ ಆ ಸಮ್ಮತಿಯನ್ನು ಹಿಂದಕ್ಕೆ ಪಡೆಯುವೆನೆಂಬ ಮಾತಿಗೆ ಬೆಲೆಯಿಲ್ಲ. ದೋಷರಹಿತ ವಿಚ್ಛೇದನದೊಡನೆ ಘರ್ಷಣೆ ಹುಟ್ಟುವುದು ಇಲ್ಲಿಯೇ.

ಇಂಥ ಭೇದವು ನಮ್ಮ ಪ್ರಾಚೀನರಿಗೂ ಅಪರಿಚಿತವಾಗಿರಲಿಲ್ಲ. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಪರಸ್ಪರ ದ್ವೇಷವಿದ್ದಾಗ ದಂಪತಿಗಳಿಗೆ ಬಿಡುಗಡೆಯನ್ನು ಹೇಳಿ, ಧರ್ಮವಿವಾಹಗಳಿಗೆ ಮಾತ್ರ ಆ ಬಿಡುಗಡೆಯಿಲ್ಲವೆನ್ನುತ್ತದೆ. ದ್ವೇಷವು ಒಬ್ಬರಲ್ಲಿ ಮಾತ್ರ ಇದ್ದರೆ ಸಾಲದೆಂಬ ಅದರ ಎಚ್ಚರಿಕೆಯು ಮುಂದಿನ ಚರ್ಚೆಗೆ ನೆನಪಿನಲ್ಲಿರತಕ್ಕದ್ದು.

೩. ಧರ್ಮಸಭೆ ಒಪ್ಪುವ ಮೂರು ದಾರಿಗಳು

ಬಂಧವು ಮುರಿಯಲಾಗದೆಂದ ಮಾತ್ರಕ್ಕೆ ಕಷ್ಟದ ದಾಂಪತ್ಯಕ್ಕೆ ಧರ್ಮಸಭೆಯಲ್ಲಿ ಪರಿಹಾರವೇ ಇಲ್ಲವೆಂದು ತಿಳಿಯಬಾರದು. ಅಲ್ಲಿ ಮೂರು ಬಗೆಯ ಪರಿಹಾರಗಳಿವೆ. ಅವುಗಳನ್ನು ಒಂದರೊಡನೊಂದು ಕಲಸಿ ಮಾತನಾಡುವುದರಿಂದಲೇ ಬಹಳಷ್ಟು ಗೊಂದಲ ಹುಟ್ಟಿದೆ.

ಮೊದಲನೆಯದು ಕೆಲವು ವಿಶೇಷ ಸಂದರ್ಭಗಳಲ್ಲಿ ಬಂಧದ ವಿಮೋಚನೆ. ದೇಹಸಂಬಂಧದಿಂದ ಪೂರ್ಣವಾಗದ ವಿವಾಹವನ್ನು ನ್ಯಾಯವಾದ ಕಾರಣವಿದ್ದರೆ ಪೋಪರು ಬಿಡಿಸಬಹುದು. ದೀಕ್ಷಾಸ್ನಾನವಿಲ್ಲದ ದಂಪತಿಗಳಲ್ಲಿ ಒಬ್ಬರು ಅದನ್ನು ಸ್ವೀಕರಿಸಿ ಮತ್ತೊಬ್ಬರು ಅಗಲಿ ಹೋದರೆ, ಸಂತ ಪೌಲನ ಹೆಸರಿನ ವಿಶೇಷಾಧಿಕಾರದಂತೆ ಮರುವಿವಾಹಕ್ಕೆ ಅವಕಾಶವುಂಟು. ಇವು ವಿರಳ.

ಎರಡನೆಯದು ಅಸಿಂಧುತ್ವದ ಘೋಷಣೆ. ಇದು ವಿಚ್ಛೇದನವಲ್ಲ. ಇದ್ದ ವಿವಾಹವನ್ನು ಮುರಿಯುವುದು ವಿಚ್ಛೇದನ. ಹೊರನೋಟಕ್ಕೆ ವಿವಾಹದಂತೆ ಕಂಡದ್ದು ಮೊದಲಿಂದಲೂ ವಿವಾಹವಾಗಿರಲೇ ಇಲ್ಲವೆಂದು ತೀರ್ಮಾನಿಸುವುದು ಅಸಿಂಧುತ್ವ. ಬಲಾತ್ಕಾರ, ವಂಚನೆ, ಮಕ್ಕಳನ್ನು ಪಡೆಯಬಾರದೆಂಬ ಗುಪ್ತ ಸಂಕಲ್ಪ, ಮೊದಲೇ ಇದ್ದ ವಿವಾಹಬಂಧ ಮೊದಲಾದವು ಕಾರಣಗಳು. ಸಂಹಿತೆಯ ೧೦೯೫ನೆಯ ವಿಧಿಯಂತೆ, ವಿವಾಹದ ಹೊಣೆಯನ್ನು ಅರಿಯುವ ವಿವೇಚನೆ ಇಲ್ಲದವರೂ ಮಾನಸಿಕ ಕಾರಣಗಳಿಂದ ಆ ಹೊಣೆಯನ್ನು ಹೊರಲು ಅಸಮರ್ಥರಾದವರೂ ಸಿಂಧುವಾದ ಸಮ್ಮತಿಯನ್ನು ಕೊಡಲಾರರು. ಸಂದೇಹವಿದ್ದಲ್ಲಿ ವಿವಾಹವು ಸಿಂಧುವೆಂದೇ ಭಾವಿಸತಕ್ಕದ್ದು. ಅರ್ಜಿದಾರರಿಬ್ಬರೂ ಅಸಿಂಧುತ್ವವನ್ನು ಬಯಸಿದರೂ ವಿವಾಹದ ಪರವಾಗಿ ವಾದಿಸಲು ‘ಬಂಧರಕ್ಷಕ’ನೆಂಬ ಅಧಿಕಾರಿ ಇರತಕ್ಕದ್ದು. ಈ ಅಧಿಕಾರವನ್ನು ೧೭೪೧ರಲ್ಲಿ ಸ್ಥಾಪಿಸಿದವನು ಹದಿನಾಲ್ಕನೆಯ ಬೆನೆಡಿಕ್ಟ್ ಪೋಪ್. ಎರಡು ನ್ಯಾಯಪೀಠಗಳು ಒಂದೇ ತೀರ್ಪು ಕೊಡಬೇಕೆಂದು ಅವನು ವಿಧಿಸಿದ ನಿಯಮವನ್ನು ಪೋಪ್ ಫ್ರಾನ್ಸಿಸ್ ೨೦೧೫ರಲ್ಲಿ ತೆಗೆದುಹಾಕಿದರು.

ಮೂರನೆಯದು ಬಂಧವನ್ನು ಉಳಿಸಿಕೊಂಡೇ ಬೇರೆ ವಾಸಮಾಡುವುದು. ವ್ಯಭಿಚಾರ ನಡೆದಾಗ ನಿರ್ದೋಷಿಯಾದ ಪತಿ ಅಥವಾ ಪತ್ನಿಗೆ ಈ ಹಕ್ಕನ್ನು ೧೧೫೨ನೆಯ ವಿಧಿಯು ಕೊಡುತ್ತದೆ, ಕ್ಷಮೆಯನ್ನೂ ಬೋಧಿಸುತ್ತದೆ. ಒಬ್ಬರಿಂದ ಮತ್ತೊಬ್ಬರ ಅಥವಾ ಮಕ್ಕಳ ದೇಹಕ್ಕೋ ಮನಸ್ಸಿಗೋ ಘೋರ ಅಪಾಯವಿದ್ದರೆ ೧೧೫೩ನೆಯ ವಿಧಿಯಂತೆ ಬಿಷಪರ ಆಜ್ಞೆ ಪಡೆದು ಅಗಲಬಹುದು. ತಡಮಾಡಿದರೆ ಕೇಡಾಗುವಂತಿದ್ದಲ್ಲಿ ಆಜ್ಞೆಗೆ ಕಾಯದೆಯೂ ಅಗಲಬಹುದು. ಮಕ್ಕಳ ಪೋಷಣೆ, ಶಿಕ್ಷಣಗಳಿಗೆ ಏರ್ಪಾಡಾಗಬೇಕೆಂಬುದು ೧೧೫೪ನೆಯ ವಿಧಿ. ಈ ಭಾಗದಲ್ಲಿ ತಪ್ಪು ಯಾರದೆಂಬ ವಿಚಾರಣೆಗೆ ಸ್ಥಾನವಿರುವುದನ್ನು ನೋಡಬೇಕು. ೧೯೯೨ರಲ್ಲಿ ಪ್ರಕಟವಾದ ಧರ್ಮೋಪದೇಶ ಸಂಗ್ರಹವು ಕೂಡ ಅನ್ಯಾಯವಾಗಿ ಪರಿತ್ಯಕ್ತರಾದವರನ್ನೂ ತಮ್ಮ ಘೋರ ತಪ್ಪಿನಿಂದ ವಿವಾಹವನ್ನು ಹಾಳುಮಾಡಿದವರನ್ನೂ ಸಮಾನವಾಗಿ ಕಾಣಲಾಗದೆಂದು ಹೇಳುತ್ತದೆ. ನ್ಯಾಯವಾದ ಹಕ್ಕುಗಳ, ಮಕ್ಕಳ ಅಥವಾ ಆಸ್ತಿಯ ರಕ್ಷಣೆಗೆ ಬೇರೆ ದಾರಿಯಿಲ್ಲದಿದ್ದರೆ ಸರ್ಕಾರದ ಕಾನೂನಿನ ವಿಚ್ಛೇದನವನ್ನು ಸಹಿಸಬಹುದೆಂಬ ಮಾತೂ ಅದರಲ್ಲಿದೆ. ಆದರೆ ಅದು ಮರುವಿವಾಹಕ್ಕೆ ಅನುಮತಿಯಲ್ಲ.

೪. ತಪ್ಪನ್ನು ಕೇಳದ ಕಾನೂನು

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಕುಟುಂಬ ಕಾನೂನಿಗೆ ಗವರ್ನರ್ ರೊನಾಲ್ಡ್ ರೇಗನ್ ೧೯೬೯ರಲ್ಲಿ ಸಹಿ ಹಾಕಿದರು. ಅದು ೧೯೭೦ರ ಜನವರಿ ೧ರಿಂದ ಜಾರಿಗೆ ಬಂದಿತು. ಸಮನ್ವಯವಾಗದ ಭಿನ್ನತೆಗಳಿದ್ದರೆ ವಿಚ್ಛೇದನ ಕೊಡಬಹುದೆಂಬುದು ಅದರ ಮುಖ್ಯಾಂಶ. ಹಳೆಯ ಪದ್ಧತಿಯ ಹುಳುಕನ್ನು ನೋಡಿದವರೇ ಈ ಸುಧಾರಣೆಯನ್ನು ತಂದರು. ತಪ್ಪನ್ನು ರುಜುವಾತುಪಡಿಸಲೇಬೇಕಾದ್ದರಿಂದ, ಬೇರೆಯಾಗಲು ಇಬ್ಬರೂ ಒಪ್ಪಿದ್ದ ದಂಪತಿಗಳು ಇಲ್ಲದ ಕ್ರೌರ್ಯವನ್ನೂ ಇಲ್ಲದ ವ್ಯಭಿಚಾರವನ್ನೂ ಸೃಷ್ಟಿಸಿ ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದರು. ನ್ಯಾಯಾಧೀಶರಿಗೂ ಇದು ತಿಳಿದ ವಿಷಯವೇ ಆಗಿತ್ತು.

ಕ್ಯಾಥೊಲಿಕ್ ವಿಚಾರವಂತರ ಆಕ್ಷೇಪಣೆಗಳನ್ನು ಮೂರಾಗಿ ಸಂಗ್ರಹಿಸಬಹುದು. ಒಬ್ಬರ ಇಚ್ಛೆಯೇ ಇಬ್ಬರ ಬಂಧವನ್ನು ಬಿಡಿಸುವುದಾದರೆ, ಮಾತಿಗೆ ಕಟ್ಟುಬಿದ್ದು ಉಳಿಯಬಯಸುವವರ ಸಮ್ಮತಿಗೆ ಅರ್ಥವಿಲ್ಲದಾಗುತ್ತದೆ ಎಂಬುದು ಮೊದಲನೆಯದು. ತಪ್ಪನ್ನು ಕೇಳದ ನ್ಯಾಯಾಲಯವು ಪರಿತ್ಯಾಗ ಮಾಡಿದವರನ್ನೂ ಪರಿತ್ಯಕ್ತರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ ಎಂಬುದು ಎರಡನೆಯದು. ಕಾನೂನು ಕೇವಲ ಬಾಗಿಲಲ್ಲ, ಅದು ಬೋಧಕನೂ ಹೌದು. ಬಿಡಬಹುದಾದ ವಿವಾಹವೇ ವಿವಾಹದ ಲಕ್ಷಣವೆಂದು ಮುಂದಿನ ಪೀಳಿಗೆಗೆ ಅದು ಕಲಿಸುತ್ತದೆ ಎಂಬುದು ಮೂರನೆಯದು. ನ್ಯಾಯಕ್ಕೆ ವಿರುದ್ಧವಾದ ವಿಚ್ಛೇದನದಂಥ ಉದ್ದೇಶಕ್ಕೆ ತಮ್ಮ ವೃತ್ತಿಯನ್ನು ಬಳಸಲು ನ್ಯಾಯವಾದಿಗಳು ಒಪ್ಪಬಾರದೆಂದು ಎರಡನೆಯ ಜಾನ್ ಪಾಲ್ ಪೋಪರು ೨೦೦೨ರ ಜನವರಿಯಲ್ಲಿ ರೋಮಿನ ಉನ್ನತ ಧರ್ಮನ್ಯಾಯಾಲಯದ ಮುಂದೆ ಹೇಳಿದರು.

ಎರಡನೆಯ ಆಕ್ಷೇಪಣೆಯು ಕ್ಯಾಥೊಲಿಕರದು ಮಾತ್ರವಲ್ಲವೆಂಬುದಕ್ಕೆ ನ್ಯೂಯಾರ್ಕ್ ಸಂಸ್ಥಾನವು ಸಾಕ್ಷಿ. ಅಮೆರಿಕದಲ್ಲಿ ದೋಷರಹಿತ ವಿಚ್ಛೇದನವನ್ನು ಎಲ್ಲರಿಗಿಂತ ಕೊನೆಗೆ, ೨೦೧೦ರಲ್ಲಿ, ಒಪ್ಪಿದ ಸಂಸ್ಥಾನವದು. ಅಲ್ಲಿ ಬಿಷಪರ ಸಂಘಟನೆಯೂ ರಾಷ್ಟ್ರೀಯ ಮಹಿಳಾ ಸಂಘಟನೆಯ ಆ ಸಂಸ್ಥಾನದ ಶಾಖೆಯೂ, ಬೇರೆ ವಿಷಯಗಳಲ್ಲಿ ಕಡು ವಿರೋಧಿಗಳಾಗಿದ್ದರೂ, ಈ ಮಸೂದೆಯನ್ನು ವಿರೋಧಿಸಿದುವು. ಮಹಿಳಾ ಸಂಘಟನೆಯ ಕಾರಣ ಲೌಕಿಕವಾದುದು: ಪತ್ನಿಯ ಒಪ್ಪಿಗೆ ಬೇಕಾಗಿರುವವರೆಗೆ ಮನೆ, ಜೀವನಾಂಶಗಳನ್ನು ಕುರಿತು ಮಾತನಾಡುವ ಬಲ ಅವಳಿಗಿರುತ್ತದೆ, ಒಪ್ಪಿಗೆ ಬೇಡವಾದರೆ ಆ ಬಲವೂ ಹೋಗುತ್ತದೆ.

ಈ ಭಯ ಎಷ್ಟು ನಿಜ? ಸಂಶೋಧನೆಯ ಉತ್ತರ ಒಂದೇ ಮುಖವಾಗಿಲ್ಲ. ವಿಚ್ಛೇದನದ ತರುವಾಯ ಹೆಂಗಸರ ಜೀವನಮಟ್ಟ ನೂರಕ್ಕೆ ೭೩ರಷ್ಟು ಕುಸಿದು ಗಂಡಸರದು ೪೨ರಷ್ಟು ಏರಿತೆಂದು ಲೆನೋರ್ ವೈಟ್ಸ್‌ಮನ್ ಎಂಬ ಸಮಾಜಶಾಸ್ತ್ರಜ್ಞೆ ೧೯೮೫ರಲ್ಲಿ ಬರೆದರು. ಅವರ ಸಾಮಗ್ರಿಯನ್ನೇ ರಿಚರ್ಡ್ ಪೀಟರ್‌ಸನ್ ಮತ್ತೆ ಲೆಕ್ಕಹಾಕಿ, ಕುಸಿತವು ೨೭, ಏರಿಕೆಯು ೧೦ ಎಂದು ೧೯೯೬ರಲ್ಲಿ ತೋರಿಸಿದರು. ಮೊದಲಿನ ಅಂಕಿ ತಪ್ಪಾಗಿತ್ತು. ಆದರೆ ಅದು ತೋರಿಸಿದ ದಿಕ್ಕು ತಪ್ಪಾಗಿರಲಿಲ್ಲ. ಇತ್ತ ೨೦೦೬ರಲ್ಲಿ ಬೆಟ್ಸಿ ಸ್ಟೀವನ್‌ಸನ್, ಜಸ್ಟಿನ್ ವುಲ್ಫರ್ಸ್ ಎಂಬ ಅರ್ಥಶಾಸ್ತ್ರಜ್ಞರು, ಒಬ್ಬರ ಇಚ್ಛೆಯಿಂದಲೇ ವಿಚ್ಛೇದನ ದೊರೆಯುವಂತಾದ ಸಂಸ್ಥಾನಗಳಲ್ಲಿ ಹೆಂಗಸರ ಆತ್ಮಹತ್ಯೆಯೂ ಮನೆಯೊಳಗಿನ ಹಿಂಸೆಯೂ ಕಡಮೆಯಾದುವೆಂದು ಪ್ರಕಟಿಸಿದರು. ಉಳಿಯಬಯಸುವವಳನ್ನು ಹಳೆಯ ಕಾನೂನು ಕಾಪಾಡಿತು. ಓಡಿಹೋಗಬೇಕಾದವಳನ್ನು ಹೊಸ ಕಾನೂನು ಕಾಪಾಡಿತು. ಇಬ್ಬರೂ ಇರುವ ಸಮಾಜದಲ್ಲಿ ಶಾಸನ ರಚಿಸುವುದು ಸುಲಭವಲ್ಲ.

ಧರ್ಮಸಭೆಗೂ ಒಂದು ಇಕ್ಕಟ್ಟು ಒದಗಿತು. ೧೦೯೫ನೆಯ ವಿಧಿಯು ಕೇಳುವುದು ಸಾಮರ್ಥ್ಯವನ್ನು, ಅಸಮರ್ಥನು ಅಪರಾಧಿಯಲ್ಲ. ಹೀಗಾಗಿ ಅಸಿಂಧುತ್ವದ ವಿಚಾರಣೆಯೂ ಒಂದು ಅರ್ಥದಲ್ಲಿ ದೋಷರಹಿತವೇ. ಅಮೆರಿಕದಲ್ಲಿ ೧೯೬೦ರ ದಶಕದಲ್ಲಿ ವರ್ಷಕ್ಕೆ ನೂರರ ಲೆಕ್ಕದಲ್ಲಿದ್ದ ಇಂಥ ತೀರ್ಪುಗಳು ಮುಂದಿನ ದಶಕಗಳಲ್ಲಿ ಸಾವಿರಗಳ ಲೆಕ್ಕಕ್ಕೆ ಏರಿದಾಗ, ಇದು ಹೆಸರು ಬದಲಿಸಿದ ವಿಚ್ಛೇದನವಲ್ಲವೆ ಎಂದು ಕ್ಯಾಥೊಲಿಕರೇ ಕೇಳಿದರು. ಕಷ್ಟ ಬೇರೆ, ಅಸಾಮರ್ಥ್ಯ ಬೇರೆ. ಅಸಾಮರ್ಥ್ಯವಿದ್ದಲ್ಲಿ ಮಾತ್ರ ವಿವಾಹವು ಅಸಿಂಧುವಾಗುತ್ತದೆಂದು ಜಾನ್ ಪಾಲ್ ಪೋಪರು ೧೯೮೭ರಲ್ಲಿ ನ್ಯಾಯಾಧಿಕಾರಿಗಳನ್ನು ಎಚ್ಚರಿಸಬೇಕಾಯಿತು.

೫. ಐರ್ಲೆಂಡಿನ ಮೂರು ಮತದಾನಗಳು

ಧರ್ಮಸಭೆಯ ಈ ತತ್ತ್ವವನ್ನು ತನ್ನ ಸಂವಿಧಾನದಲ್ಲಿಯೇ ಬರೆದುಕೊಂಡು, ಅನಂತರ ಪ್ರಜೆಗಳ ಮತದಿಂದಲೇ ಅದನ್ನು ಅಳಿಸಿದ ದೇಶ ಐರ್ಲೆಂಡ್. ಬ್ರಿಟಿಷ್ ಆಳ್ವಿಕೆಯಲ್ಲಿ ೧೮೫೭ರ ಇಂಗ್ಲಿಷ್ ವಿಚ್ಛೇದನ ಕಾನೂನು ಆ ದೇಶಕ್ಕೆ ಅನ್ವಯಿಸಲಿಲ್ಲ. ವಿಚ್ಛೇದನ ಬೇಕಾದವರು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಿಸಿಕೊಳ್ಳಬೇಕಾಗಿತ್ತು. ಸ್ವತಂತ್ರ ಐರಿಷ್ ರಾಜ್ಯವು ೧೯೨೫ರಲ್ಲಿ ಈ ದಾರಿಯನ್ನೂ ಮುಚ್ಚಲು ಹೊರಟಿತು. ಆಗ ಸೆನೆಟ್ ಸದಸ್ಯನಾಗಿದ್ದ ಕವಿ ಡಬ್ಲ್ಯು. ಬಿ. ಯೇಟ್ಸ್, ಇದು ಅಲ್ಪಸಂಖ್ಯಾತ ಪ್ರಾಟೆಸ್ಟಂಟರಿಗೆ ಮಾಡುವ ಅನ್ಯಾಯವೆಂದು ತೀವ್ರವಾಗಿ ಪ್ರತಿಭಟಿಸಿದನು. ನಮ್ಮ ಕಾಲೇಜುಗಳಲ್ಲಿ ಅವನ ಕಾವ್ಯವನ್ನು ಓದುವವರಿಗೆ ಈ ಭಾಷಣದ ಸಂಗತಿ ಅಷ್ಟಾಗಿ ತಿಳಿದಿರಲಾರದು. ೧೯೩೭ರಲ್ಲಿ ಡಿ ವೆಲೆರಾ ಅವರ ನೇತೃತ್ವದಲ್ಲಿ ರಚಿತವಾದ ಸಂವಿಧಾನದ ೪೧ನೆಯ ಅನುಚ್ಛೇದವು, ವಿವಾಹವನ್ನು ಬಿಡಿಸುವ ಯಾವ ಶಾಸನವನ್ನೂ ಮಾಡಕೂಡದೆಂದು ವಿಧಿಸಿತು.

ನಿಷೇಧದಿಂದ ವಿವಾಹಗಳು ಮುರಿಯುವುದು ನಿಲ್ಲಲಿಲ್ಲ. ಧರ್ಮಸಭೆಯ ನ್ಯಾಯಪೀಠದಿಂದ ಅಸಿಂಧುತ್ವ ಪಡೆದವರು ಚರ್ಚಿನಲ್ಲಿ ಮತ್ತೆ ಮದುವೆಯಾಗಬಹುದಿತ್ತು. ಸರ್ಕಾರವು ಆ ತೀರ್ಪನ್ನು ಒಪ್ಪದಿದ್ದುದರಿಂದ ಕಾನೂನಿನ ಕಣ್ಣಿಗೆ ಅವರು ಇನ್ನೂ ಮೊದಲನೆಯ ವಿವಾಹದಲ್ಲಿಯೇ ಇದ್ದರು. ಧರ್ಮಸಭೆಯ ದೃಷ್ಟಿಯಲ್ಲಿ ಪತ್ನಿಯಾದವಳು ರಾಜ್ಯದ ದೃಷ್ಟಿಯಲ್ಲಿ ಪತ್ನಿಯಲ್ಲ. ಈ ನಿಷೇಧವನ್ನು ಪ್ರಶ್ನಿಸಿದ ಜಾನ್‌ಸ್ಟನ್ ಮೊಕದ್ದಮೆಯಲ್ಲಿ ಮಾನವ ಹಕ್ಕುಗಳ ಯುರೋಪಿಯನ್ ನ್ಯಾಯಾಲಯವು ೧೯೮೬ರ ಡಿಸೆಂಬರಿನಲ್ಲಿ, ವಿಚ್ಛೇದನವು ಮಾನವ ಹಕ್ಕಲ್ಲವೆಂದು ತೀರ್ಪಿತ್ತಿತು. ಆದರೆ ಇಂಥ ಕುಟುಂಬದ ಮಗುವಿನ ಸ್ಥಾನಮಾನದ ವಿಷಯದಲ್ಲಿ ಐರ್ಲೆಂಡ್ ತಪ್ಪಿತಸ್ಥವೆಂದಿತು.

ಮೊದಲನೆಯ ಮತದಾನ ೧೯೮೬ರ ಜೂನ್ ೨೬ರಂದು ನಡೆಯಿತು. ವಿವಾಹವು ಮುರಿದು ಐದು ವರ್ಷಗಳಾಗಿದ್ದರೆ ವಿಚ್ಛೇದನ ಕೊಡಬಹುದೆಂಬುದು ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಸರ್ಕಾರದ ಸಲಹೆ. ಪ್ರಚಾರದ ಆರಂಭದಲ್ಲಿ ಜನಾಭಿಪ್ರಾಯವು ಅದಕ್ಕೆ ಅನುಕೂಲವಾಗಿಯೇ ಇತ್ತು. ಮತ ಎಣಿಸಿದಾಗ ನೂರಕ್ಕೆ ೬೩.೫ರಷ್ಟು ಮಂದಿ ವಿರೋಧಿಸಿದ್ದರು. ಕೆಲವೇ ವಾರಗಳಲ್ಲಿ ಆದ ಈ ಬದಲಾವಣೆಗೆ ಕಾರಣವನ್ನು ಧರ್ಮಪೀಠದ ಬೋಧನೆಯಲ್ಲಿ ಮಾತ್ರ ಹುಡುಕಿದರೆ ಸಾಲದು. ಧರ್ಮಸಭೆಯ ನೀತಿಬೋಧೆಯೇ ಸಂವಿಧಾನದ ಅಳತೆಗೋಲಾಗಬೇಕೆಂದು ತಾವು ಕೇಳುವುದಿಲ್ಲವೆಂದು ಬಿಷಪರು ೧೯೮೪ರಲ್ಲಿಯೇ ಹೇಳಿದ್ದರು. ವಿರೋಧಿಗಳಲ್ಲಿ ಮುಖ್ಯರಾದ, ನ್ಯಾಯಶಾಸ್ತ್ರದ ಅಧ್ಯಾಪಕ ವಿಲಿಯಂ ಬಿಂಚಿಯಂಥವರು ಮಂಡಿಸಿದ ವಾದಗಳು ಬಹುಮಟ್ಟಿಗೆ ಆಸ್ತಿ, ಪೋಷಣೆ, ಮೊದಲನೆಯ ಕುಟುಂಬ ಇವುಗಳನ್ನು ಕುರಿತವು.

ಆ ವಾದಗಳು ನೆಲಸಿದ್ದ ನೆಲವನ್ನು ಅರಿಯಬೇಕು. ಸರ್ಕಾರಿ ನೌಕರಿಯಲ್ಲಿದ್ದ ಹೆಂಗಸು ಮದುವೆಯಾದರೆ ಕೆಲಸ ಬಿಡಬೇಕೆಂಬ ನಿಯಮ ಐರ್ಲೆಂಡಿನಲ್ಲಿ ೧೯೭೩ರವರೆಗೆ ಇತ್ತು. ಅಂಥ ಹೆಂಗಸಿಗೆ ಸ್ವಂತ ಸಂಪಾದನೆಯಾಗಲಿ ನಿವೃತ್ತಿವೇತನವಾಗಲಿ ಇರಲಿಲ್ಲ. ಅವಳಿಗಿದ್ದ ಆಧಾರವೆಂದರೆ ಪತ್ನಿಯೆಂಬ ಸ್ಥಾನ. ೧೯೬೫ರ ಉತ್ತರಾಧಿಕಾರ ಶಾಸನದಂತೆ, ಗಂಡನು ಮರಣಶಾಸನದಲ್ಲಿ ಏನೇ ಬರೆದಿರಲಿ, ಮಕ್ಕಳಿದ್ದರೆ ಮೂರನೆಯ ಒಂದು ಪಾಲೂ ಮಕ್ಕಳಿಲ್ಲದಿದ್ದರೆ ಅರ್ಧವೂ ಪತ್ನಿಗೆ ಸಲ್ಲತಕ್ಕದ್ದು. ೧೯೭೬ರ ಶಾಸನದಂತೆ ಅವಳ ಒಪ್ಪಿಗೆಯಿಲ್ಲದೆ ವಾಸದ ಮನೆಯನ್ನು ಮಾರುವಂತಿರಲಿಲ್ಲ. ಈ ಹಕ್ಕುಗಳೆಲ್ಲ ಪತ್ನಿಗೆ, ವಿಚ್ಛೇದಿತಳು ಪತ್ನಿಯಲ್ಲ. ಮೂವತ್ತು ವರ್ಷ ಹೊಲಮನೆಯಲ್ಲಿ ದುಡಿದ ರೈತನ ಹೆಂಡತಿಯೊಬ್ಬಳು, ತನ್ನ ತಪ್ಪೇನೂ ಇಲ್ಲದೆ, ತನ್ನ ಒಪ್ಪಿಗೆಯೂ ಇಲ್ಲದೆ, ಒಂದು ತೀರ್ಪಿನಿಂದ ಈ ಎಲ್ಲವನ್ನೂ ಕಳೆದುಕೊಳ್ಳುವಳೆ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಸಿದ್ಧವಾದ ಉತ್ತರವಿರಲಿಲ್ಲ. ಆಶ್ರಿತರಿಗೆ ತಕ್ಕ ಏರ್ಪಾಡು ಮಾಡಬೇಕೆಂಬ ಮಾತು ತಿದ್ದುಪಡಿಯಲ್ಲಿತ್ತು. ಆದರೆ ಆ ಏರ್ಪಾಡನ್ನು ನಡೆಸುವ ಕಾನೂನುಗಳನ್ನು ಜನರು ಇನ್ನೂ ಕಂಡಿರಲಿಲ್ಲ.

ಮುಂದಿನ ಒಂಬತ್ತು ವರ್ಷ ಆ ಕೊರತೆಯನ್ನು ತುಂಬುವುದರಲ್ಲಿ ಕಳೆಯಿತು. ೧೯೮೯ರ ಶಾಸನವು ತಪ್ಪನ್ನು ರುಜುವಾತುಪಡಿಸದೆಯೂ ನ್ಯಾಯಾಲಯದ ಮೂಲಕ ಬೇರೆಯಾಗಲು ಅವಕಾಶ ಕೊಟ್ಟು, ಮನೆ, ಆಸ್ತಿ, ಜೀವನಾಂಶಗಳ ಹಂಚಿಕೆಗೆ ನ್ಯಾಯಾಧೀಶರಿಗೆ ವಿಶಾಲವಾದ ಅಧಿಕಾರವನ್ನು ಒದಗಿಸಿತು. ೧೯೯೫ರ ಕುಟುಂಬ ಶಾಸನವು ನಿವೃತ್ತಿವೇತನವನ್ನೂ ಈ ಹಂಚಿಕೆಯೊಳಗೆ ತಂದಿತು. ಎರಡನೆಯ ಮತದಾನ ೧೯೯೫ರ ನವೆಂಬರ್ ೨೪ರಂದು ನಡೆಯಿತು. ಪರವಾಗಿ ೮,೧೮,೮೪೨, ವಿರುದ್ಧವಾಗಿ ೮,೦೯,೭೨೮ ಮತಗಳು ಬಿದ್ದುವು. ವ್ಯತ್ಯಾಸ ೯,೧೧೪, ನೂರಕ್ಕೆ ೫೦.೨೮ರ ಬಹುಮತ. ಸಾರ್ವಜನಿಕ ಹಣವನ್ನು ಒಂದೇ ಪಕ್ಷದ ಪ್ರಚಾರಕ್ಕೆ ಬಳಸಿದುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಮತದಾನಕ್ಕೆ ಒಂದು ವಾರ ಮೊದಲು ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತ್ತು. ಆದರೂ ಫಲಿತಾಂಶವನ್ನು ರದ್ದುಗೊಳಿಸಬೇಕೆಂದು ಮರುವರ್ಷ ಬಂದ ಅರ್ಜಿ ನಿಲ್ಲಲಿಲ್ಲ.

ಹೊಸ ವಿಧಿಯು ಮೊದಲಿಂದಲೇ ತಪ್ಪನ್ನು ಕೇಳದ ವಿಧಿ. ಹಿಂದಿ‌ನ ಐದು ವರ್ಷಗಳಲ್ಲಿ ನಾಲ್ಕು ವರ್ಷ ಬೇರೆ ಇದ್ದಿರಬೇಕು. ಮತ್ತೆ ಕೂಡುವ ಸಂಭವ ಇರಬಾರದು. ಪತಿಪತ್ನಿಯರಿಗೂ ಮಕ್ಕಳಿಗೂ ತಕ್ಕ ಏರ್ಪಾಡಾಗಿರಬೇಕು. ಮೊದಲನೆಯ ವಿಚ್ಛೇದನವು ೧೯೯೭ರ ಜನವರಿಯಲ್ಲಿ, ಶಾಸನ ಜಾರಿಗೆ ಬರುವ ಮೊದಲೇ, ನೇರವಾಗಿ ಸಂವಿಧಾನದ ಆಧಾರದಿಂದ ದೊರೆಯಿತು. ಅರ್ಜಿದಾರನು ಮರಣಶಯ್ಯೆಯಲ್ಲಿದ್ದ ಒಬ್ಬ ರೋಗಿ. ತನ್ನೊಡನೆ ಬಾಳುತ್ತಿದ್ದ ಹೆಂಗಸನ್ನು ಸಾಯುವ ಮುನ್ನ ವಿವಾಹವಾಗಬೇಕೆಂಬುದು ಅವನ ಅಪೇಕ್ಷೆ. ೨೦೧೯ರ ಮೇ ೨೪ರ ಮೂರನೆಯ ಮತದಾನದಲ್ಲಿ ನೂರಕ್ಕೆ ೮೨ರಷ್ಟು ಮಂದಿ ಕಾಲಾವಧಿಯ ನಿಯಮವನ್ನು ಸಂವಿಧಾನದಿಂದ ತೆಗೆಯಲು ಒಪ್ಪಿದರು. ಅದೇ ವರ್ಷದ ಶಾಸನವು ಅದನ್ನು ಮೂರು ವರ್ಷಗಳಲ್ಲಿ ಎರಡು ವರ್ಷವೆಂದು ಇಳಿಸಿತು. ತಕ್ಕ ಏರ್ಪಾಡಿನ ಮಾತು ಮಾತ್ರ ಸಂವಿಧಾನದಲ್ಲಿ ಉಳಿಯಿತು. ವಿಚ್ಛೇದನದ ಪ್ರಮಾಣ ಯುರೋಪಿಯನ್ ಒಕ್ಕೂಟದಲ್ಲಿ ಅತಿ ಕಡಮೆಯಿರುವ ದೇಶಗಳ ಸಾಲಿನಲ್ಲಿಯೇ ಐರ್ಲೆಂಡ್ ಇದೆ.

೬. ನಮ್ಮ ನೆಲದಲ್ಲಿ

ಎರಡು ಕಾನೂನುಗಳ ನಡುವೆ ಸಿಕ್ಕಿದ ಐರಿಷ್ ದಂಪತಿಗಳ ಸ್ಥಿತಿ ನಮಗೆ ದೂರದ ಮಾತಲ್ಲ. ಭಾರತದ ಕ್ರೈಸ್ತರಿಗೆ ಅನ್ವಯಿಸುವುದು ೧೮೬೯ರ ವಿಚ್ಛೇದನ ಶಾಸನ. ಗಂಡನಿಗೆ ಪತ್ನಿಯ ವ್ಯಭಿಚಾರವೊಂದೇ ಸಾಕು, ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ರುಜುವಾತುಪಡಿಸಬೇಕು ಎಂಬಂಥ ತಾರತಮ್ಯ ಅದರಲ್ಲಿ ೨೦೦೧ರವರೆಗೂ ಉಳಿದಿತ್ತು. ಆ ವರ್ಷದ ತಿದ್ದುಪಡಿಯು ಗಂಡುಹೆಣ್ಣುಗಳಿಗೆ ಸಮಾನವಾದ ಕಾರಣಗಳನ್ನು ಕೊಟ್ಟು, ಪರಸ್ಪರ ಸಮ್ಮತಿಯ ವಿಚ್ಛೇದನವನ್ನೂ ಸೇರಿಸಿತು. ಇಲ್ಲಿ ಬೇಕಾದುದು ಇಬ್ಬರ ಸಮ್ಮತಿ. ಒಬ್ಬರ ಇಚ್ಛೆಯಿಂದ ದೊರೆಯುವ ದೋಷರಹಿತ ವಿಚ್ಛೇದನವನ್ನು ನಮ್ಮ ವೈವಾಹಿಕ ಶಾಸನಗಳು ಸಾಮಾನ್ಯವಾಗಿ ಒಪ್ಪಿಲ್ಲ. ಮರಳಿ ಕೂಡದಂತೆ ಮುರಿದ ವಿವಾಹವನ್ನು ಸಂವಿಧಾನದ ೧೪೨ನೆಯ ಅನುಚ್ಛೇದದ ವಿಶೇಷಾಧಿಕಾರದಿಂದ ತಾನು ಬಿಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ೨೦೨೩ರಲ್ಲಿ ಹೇಳಿದೆ.

ಧರ್ಮಸಭೆಯ ನ್ಯಾಯಪೀಠಗಳ ಅಸಿಂಧುತ್ವ ತೀರ್ಪಿಗೆ ದೇಶದ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೯೬ರಲ್ಲಿ ತೀರ್ಮಾನಿಸಿತು. ಅಂಥ ತೀರ್ಪನ್ನು ನಂಬಿ ಮರುವಿವಾಹವಾದವರು ದ್ವಿವಿವಾಹದ ಆಪಾದನೆಗೆ ಗುರಿಯಾಗುವ ಭಯವಿದೆ. ಅದಕ್ಕೆ ಮಾನ್ಯತೆ ದೊರಕಿಸಬೇಕೆಂದು ಮಂಗಳೂರಿನ ಕ್ಯಾಥೊಲಿಕ್ ಸಂಘಟನೆಯೊಂದರ ಮಾಜಿ ಅಧ್ಯಕ್ಷರು ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಅದೇ ನ್ಯಾಯಾಲಯ ೨೦೧೭ರ ಜನವರಿಯಲ್ಲಿ ತಿರಸ್ಕರಿಸಿತು. ಆದುದರಿಂದ ಮಂಗಳೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ಸಮಾಜದ ದಂಪತಿಗಳು ಧರ್ಮಪ್ರಾಂತ್ಯದ ನ್ಯಾಯಪೀಠಕ್ಕೂ ಸರ್ಕಾರದ ಕುಟುಂಬ ನ್ಯಾಯಾಲಯಕ್ಕೂ ಎರಡೆರಡು ಬಾರಿ ಅಲೆಯಬೇಕಾಗಿದೆ.

೭. ಉಪಸಂಹಾರ

ಮೇಲಿನ ವಿವರಣೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಧರ್ಮಸಭೆಯ ನ್ಯಾಯಪೀಠವು ಕೇಳುವುದು ವಿವಾಹದ ದಿನ ಏನಿತ್ತೆಂಬುದನ್ನು: ಸಮ್ಮತಿ ನಿಜವಾಗಿತ್ತೆ, ಅದನ್ನು ಕೊಡುವ ಶಕ್ತಿಯಿತ್ತೆ? ದೋಷರಹಿತ ವಿಚ್ಛೇದನದ ನ್ಯಾಯಾಲಯ ಕೇಳುವುದು ಇಂದು ಏನಿದೆಯೆಂಬುದನ್ನು: ಕೂಡಿ ಬಾಳುವ ಇಚ್ಛೆ ಉಳಿದಿದೆಯೆ? ಪ್ರಶ್ನೆಗಳು ಬೇರೆಯಾದುದರಿಂದ ಉತ್ತರಗಳು ಒಂದಾಗಲಾರವು. ಮಧ್ಯದಲ್ಲಿ ಕಳೆದ ವರ್ಷಗಳಲ್ಲಿ ಯಾರು ಏನನ್ನು ಕೊಟ್ಟರು, ಯಾರು ಏನನ್ನು ಕಳೆದುಕೊಂಡರು ಎಂಬ ಮೂರನೆಯ ಪ್ರಶ್ನೆಯನ್ನು ಈ ಎರಡೂ ತಾವಾಗಿಯೇ ಕೇಳುವುದಿಲ್ಲ. ಅದನ್ನು ಬೇರೆಯಾಗಿ ಕೇಳಿಸಬೇಕಾಗುತ್ತದೆ.

ಐರ್ಲೆಂಡಿನಲ್ಲಿ ಅದನ್ನು ಕೇಳಿಸಿದವರು ಬಹುಮಟ್ಟಿಗೆ ವಿಚ್ಛೇದನದ ವಿರೋಧಿಗಳು. ಬಂಧವು ಎಂದಿಗೂ ಮುರಿಯಲಾಗದೆಂಬ ಅವರ ಮುಖ್ಯ ಸಿದ್ಧಾಂತವನ್ನು ಪ್ರಜೆಗಳು ಕಡೆಗೆ ಕೈಬಿಟ್ಟರು. ಆ ಸಿದ್ಧಾಂತದ ಹೆಸರಿನಲ್ಲಿ ಹಲವರನ್ನು ಹೆಸರಿಗೆ ಮಾತ್ರ ಉಳಿದ ವಿವಾಹಗಳಲ್ಲಿ ಅರವತ್ತು ವರ್ಷ ಕಟ್ಟಿಹಾಕಿದ್ದುದನ್ನೂ ಮರೆಯಲಾಗದು. ಆದರೆ ತಪ್ಪಿಲ್ಲದೆ ಪರಿತ್ಯಕ್ತಳಾದವಳ ಗತಿಯೇನು ಎಂದು ಅವರು ೧೯೮೬ರಲ್ಲಿ ಕೇಳಿದ ಪ್ರಶ್ನೆ ಸೋಲಲಿಲ್ಲ. ಒಂಬತ್ತು ವರ್ಷಗಳ ಕಾನೂನುಗಳು ಅದಕ್ಕೆ ಉತ್ತರವಾಗಿ ಹುಟ್ಟಿದುವು. ತಕ್ಕ ಏರ್ಪಾಡಿನ ನಿಯಮವು ಸಂವಿಧಾನದಲ್ಲಿ ಇಂದಿಗೂ ನಿಂತಿದೆ. ವಿವಾಹದ ಕಾನೂನನ್ನು ಸುಧಾರಿಸಹೊರಟ ಯಾವ ದೇಶವಾದರೂ, ಬಾಗಿಲನ್ನು ತೆರೆಯುವ ಮೊದಲು, ಬಾಗಿಲ ಹೊರಗೆ ನಿಲ್ಲಬೇಕಾದವರಿಗೆ ಆಸರೆಯನ್ನು ಕಟ್ಟಿದೆಯೆ ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು ಯುಕ್ತ.